ಮೂರು ಹುಲಿ, ಹದಿನೈದು ಆಡು

‘ಜಾಮ್’ ಎಂದೊಡನೆ ನಮ್ಮ ವಾಚಕ ಬಂಧುಗಳಿಗೆ ಬ್ರೆಡ್ಡಿಗೆ ಸವರುವ ಹಣ್ಣಿನ ಪಾಕವೋ, ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಗಳು ಬಿಡುವ ಹೊತ್ತಿಗೆ ರಸ್ತೆಯಲ್ಲಿ ಸಿಕ್ಕಿಬೀಳುವ ವಾಹನಗಳ ಸಾಲೋ ನೆನಪಾದರೆ ಆಶ್ಚರ್ಯವಿಲ್ಲ. ನಾವು ಹೇಳಹೊರಟಿರುವ ಜಾಮ್ ಇವೆರಡೂ ಅಲ್ಲ. ಸಂಗೀತಗಾರರು ಪೂರ್ವಸಿದ್ಧತೆಯಿಲ್ಲದೆ ಒಂದೆಡೆ ಕಲೆತು, ಆ ಕ್ಷಣಕ್ಕೆ ಹೊಳೆದುದನ್ನು ಕೂಡಿ ನುಡಿಸುತ್ತ ಹೋಗುವ ಕೂಟಕ್ಕೆ ಪಶ್ಚಿಮದವರು ಈ ಹೆಸರಿಟ್ಟಿದ್ದಾರೆ. ೨೦೦೨ರಲ್ಲಿ ಅಮೆರಿಕದ ಓಕ್ಲೆಂಡ್ ಪಟ್ಟಣದಲ್ಲಿ ಗಣಕಯಂತ್ರದ ಆಟಗಳನ್ನು ರಚಿಸುವ ಕೆಲವರು ಇದೇ ರೀತಿ ಕಲೆತು, ಕೆಲವೇ ದಿನಗಳಲ್ಲಿ ಹಲವು ಪುಟ್ಟ ಆಟಗಳನ್ನು ಕಟ್ಟಿ, ‘ಗೇಮ್ ಜಾಮ್’ ಎಂಬ ಮಾತನ್ನು ರೂಢಿಗೆ ತಂದರು. ಈಗಿನ ಕ್ರಮವೇನೆಂದರೆ, ಸಾಮಾನ್ಯವಾಗಿ ಶುಕ್ರವಾರ ಸಂಜೆ ಒಂದು ವಿಷಯವನ್ನು ಕೊಡುತ್ತಾರೆ. ಭಾನುವಾರ ಸಂಜೆಯೊಳಗೆ, ಎಂದರೆ ೪೮ ಗಂಟೆಗಳಲ್ಲಿ, ಆ ವಿಷಯಕ್ಕೆ ಒಪ್ಪುವ ಆಟವೊಂದು ಆಡುವ ಸ್ಥಿತಿಗೆ ಬಂದಿರಬೇಕು. ಅಷ್ಟಾವಧಾನವನ್ನು ಕೇಳಿ ಬಲ್ಲವರಿಗೆ ಇದರ ಸ್ವಾರಸ್ಯ ಬೇಗನೆ ಹಿಡಿಸುತ್ತದೆ. ಪೃಚ್ಛಕರು ಸಮಸ್ಯೆಯನ್ನು ಕೊಟ್ಟ ಮೇಲೆಯೇ ಅವಧಾನಿಯ ಕೆಲಸ ಆರಂಭವಾಗುವಂತೆ ಇಲ್ಲಿಯೂ ವಿಷಯವು ಮೊದಲೇ ತಿಳಿದಿರಕೂಡದು. ಕನ್ನಡದಲ್ಲಿ ‘ಕಮ್ಮಟ’ ಎಂಬ ಸೊಗಸಾದ ಮಾತಿರುವುದರಿಂದ ನಾವು ಇದನ್ನು ಆಟಕಮ್ಮಟ ಎಂದೇ ಕರೆಯುತ್ತೇವೆ.

೨೦೦೯ರಲ್ಲಿ ‘ಗ್ಲೋಬಲ್ ಗೇಮ್ ಜಾಮ್’ ಎಂಬ ಹೆಸರಿನಲ್ಲಿ ೨೩ ದೇಶಗಳ ೫೩ ಸ್ಥಳಗಳಲ್ಲಿ ಒಂದೇ ವಾರಾಂತ್ಯದಲ್ಲಿ ಇಂತಹ ಕಮ್ಮಟ ಮೊದಲ ಬಾರಿಗೆ ಜರುಗಿತು. ಅಲ್ಲಿಂದಾಚೆಗೆ ಅದು ವರ್ಷವರ್ಷವೂ ಹಬ್ಬಿತು. ಕೊಡುವ ವಿಷಯಗಳೂ ವಿಚಿತ್ರವಾದವು. ೨೦೧೩ರಲ್ಲಿ ಮಾತೇ ಇಲ್ಲ, ಹೃದಯ ಬಡಿತದ ಸದ್ದನ್ನಷ್ಟೇ ಕೇಳಿಸಿ ‘ಇದೇ ವಿಷಯ’ ಎಂದರು. ೨೦೧೯ರಲ್ಲಿ ‘ಮನೆಯೆಂದರೆ ನಿಮಗೆ ಏನು’ ಎಂದು ಕೇಳಿದರು. ೨೦೨೩ರ ವಿಷಯ ‘ಬೇರುಗಳು’. ಗಡಿಯಾಚೆ ನೆಲೆಸಿರುವ ನಮ್ಮಂತಹವರಿಗೆ ಈ ಕೊನೆಯ ಎರಡು ವಿಷಯಗಳ ಮೇಲೆ ೪೮ ಗಂಟೆಯಲ್ಲ, ೪೮ ವರ್ಷ ಕೊಟ್ಟರೂ ಸಾಲದೇನೋ!

ಶಾಲೆಯ ಮುಖ್ಯೋಪಾಧ್ಯಾಯರಿಗೆ ಮೊಬೈಲಿನ ಆಟಗಳ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟರು, ಹೊಸ ಹೊಸ ಮಣೆಯಾಟಗಳನ್ನು ತಾವೇ ರಚಿಸಿದರು. ಅರಸರಿಗೆ ಸಲ್ಲುವುದು ಹಳ್ಳಿಯ ಮಾಸ್ತರಿಗೂ ಅಷ್ಟೋ ಇಷ್ಟೋ ಸಂದೀತು. ಅದಲ್ಲದೆ ನಮ್ಮ ಆಸಕ್ತಿ ಆಟದಲ್ಲಿರುವುದಕ್ಕಿಂತ, ಆಟವನ್ನು ಕಟ್ಟಿದ ಮಗುವಿಗೆ ನಾವು ಹಿಂದಿರುಗಿಸುವ ಮಾತಿನಲ್ಲಿದೆ. ನಮ್ಮ ವೃತ್ತಿಯ ಭಾಷೆಯಲ್ಲಿ ಅದಕ್ಕೆ ಹಿಮ್ಮಾಹಿತಿ ಎನ್ನುತ್ತೇವೆ.

ನಮ್ಮ ತಮ್ಮನ ಮಗ ಕೊಯಮತ್ತೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂರನೆಯ ವರ್ಷದಲ್ಲಿ ಓದುತ್ತಿದ್ದಾನೆ. ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟ ಒಂದು ಆಟಕಮ್ಮಟದಲ್ಲಿ ಅವನೂ ಅವನ ಇಬ್ಬರು ಸಹಪಾಠಿಗಳೂ ಭಾಗವಹಿಸಿದರು. ತಮಿಳು ಮನೆಯ ಹುಡುಗನೊಬ್ಬ ಚಿತ್ರಗಳನ್ನು ಬರೆದ. ಪಾಲಕ್ಕಾಡಿನ ಕಡೆಯ ಹುಡುಗಿಯೊಬ್ಬಳು ಸದ್ದುಗಳನ್ನು ಕೂಡಿಸಿದಳು. ಆಟದ ಲೆಕ್ಕಾಚಾರ ನಮ್ಮವನದು. ಅಂದು ಕೊಟ್ಟ ವಿಷಯ ‘ಒಟ್ಟಾಗಿ’. ಇವನಿಗೆ ಥಟ್ಟನೆ ನೆನಪಿಗೆ ಬಂದದ್ದು ತನ್ನ ಅಜ್ಜಿ, ಎಂದರೆ ನಮ್ಮ ಅವ್ವ, ಕಲ್ಲುಹಾಸಿನ ಮೇಲೆ ಗೆರೆ ಎಳೆದು ಕಲಿಸಿದ್ದ ಆಡು-ಹುಲಿ ಆಟ.

ಕರ್ನಾಟಕದಲ್ಲಿ ಹುಲಿಘಟ್ಟವೆಂದೂ ತಮಿಳಿನಲ್ಲಿ ಆಡುಪುಲಿ ಆಟ್ಟಂ ಎಂದೂ ಹೇಳುವ ಈ ಆಟವನ್ನು ಬಲ್ಲವರು ಈಗ ಕಡಿಮೆಯಾಗಿರುವುದರಿಂದ ಎರಡು ಮಾತು ಹೇಳಬೇಕು. ತ್ರಿಕೋನದ ಮೇಲೆ ಅಡ್ಡಗೆರೆಗಳನ್ನು ಎಳೆದಾಗ ೨೩ ಸಂಧಿಗಳಾಗುತ್ತವೆ, ಅವೇ ಮನೆಗಳು. ಒಬ್ಬನಿಗೆ ೩ ಹುಲಿ, ಇನ್ನೊಬ್ಬನಿಗೆ ೧೫ ಆಡು. ಆಡುಗಳನ್ನು ಒಂದೊಂದಾಗಿ ಇಳಿಸಬೇಕು. ಹದಿನೈದೂ ಇಳಿಯುವ ತನಕ ಇಳಿದ ಆಡು ಕದಲುವಂತಿಲ್ಲ; ಹುಲಿ ಮಾತ್ರ ಅಡ್ಡಾಡುತ್ತಲೇ ಇರುತ್ತದೆ. ಪಕ್ಕದಲ್ಲಿರುವ ಆಡನ್ನು ಹಾರಿ ಅದೇ ನೇರಗೆರೆಯ ಆಚೆಯ ಖಾಲಿ ಮನೆಗೆ ಇಳಿದರೆ ಆ ಆಡು ಹುಲಿಗೆ ಆಹಾರ. ಒಂದು ಆಡಿನಿಂದ ಏನೂ ಆಗದು. ಆದರೆ ಆಡುಗಳು ಒಂದರ ಬೆನ್ನಿಗೊಂದು ನಿಂತರೆ ಹುಲಿ ಹಾರಲು ಜಾಗವಿಲ್ಲದೆ ಮೂಲೆಗೆ ಬೀಳುತ್ತದೆ. ಮೂರು ಹುಲಿಗಳೂ ಕದಲದಂತಾದರೆ ಆಡಿನವನು ಗೆದ್ದ. ‘ಒಟ್ಟಾಗಿ’ ಎಂಬ ವಿಷಯಕ್ಕೆ ಇದಕ್ಕಿಂತ ಒಪ್ಪುವ ಆಟ ಇನ್ನಾವುದು? ಆನೆಮಲೆಯ ಹುಲಿ ಸಂರಕ್ಷಿತ ಪ್ರದೇಶವನ್ನು ಬೆನ್ನಿಗಿಟ್ಟುಕೊಂಡು, ಆಡು ಮೇಯಿಸಿ ಬದುಕಿದ ಉಡುಮಲೈಪೇಟೆಯ ಸೀಮೆಯವರಿಗೆ ಇದು ಕೇವಲ ಆಟವೂ ಅಲ್ಲ.

ಹುಡುಗರು ಕಟ್ಟಿದ ಆಟದಲ್ಲಿ ಹುಲಿಯ ಪಕ್ಷವನ್ನು ಯಂತ್ರವೇ ವಹಿಸುತ್ತದೆ. ಆಡುಗಳನ್ನು ನಾವು ಇಳಿಸಬೇಕು. ಸೂಚನೆಗಳೆಲ್ಲ ಕನ್ನಡ ಲಿಪಿಯಲ್ಲಿದ್ದವು. ಇದಕ್ಕಾಗಿ ನಮ್ಮವನು ಪಟ್ಟ ಪಾಡು ಸಣ್ಣದಲ್ಲ. ಅವನು ಬಳಸಿದ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿಯೇ ಒಡೆದು ನಿಲ್ಲುತ್ತಿದ್ದುವಂತೆ. ಕೊನೆಗೆ ಪ್ರತಿಯೊಂದು ವಾಕ್ಯವನ್ನೂ ಬೇರೆಡೆ ಬರೆದು, ಚಿತ್ರವನ್ನಾಗಿ ಮಾಡಿ, ತಂದು ಅಂಟಿಸಿದ್ದ. ಶನಿವಾರದ ರಾತ್ರಿಯೆಲ್ಲ ಅದಕ್ಕೇ ಹೋಯಿತು.

ಭಾನುವಾರ ಸಂಜೆ ತೀರ್ಪುಗಾರರು ಬಂದರು. ಮೇಜಿನಿಂದ ಮೇಜಿಗೆ ಹೋಗಿ ಒಂದೊಂದು ಆಟಕ್ಕೆ ಐದಾರು ನಿಮಿಷ ಕೊಟ್ಟು ಚೀಟಿ ಬರೆದರು. ಇವರಿಗೆ ಸಿಕ್ಕ ಚೀಟಿಯಲ್ಲಿ ಇದ್ದುದು ಮೂರು ವಾಕ್ಯ: ಕಲ್ಪನೆ ಚೆನ್ನಾಗಿದೆ, ಚಿತ್ರಗಳು ಸಾಧಾರಣ, ಇಂಗ್ಲಿಷಿಗೆ ಬದಲಿಸಿದರೆ ಹೆಚ್ಚು ಜನರನ್ನು ತಲಪುತ್ತದೆ. ಗೆಳೆಯರು ಹೇಳಿದ್ದು ಒಂದೇ ಮಾತು: ‘ಸೂಪರ್’. ಮರುವಾರ ಊರಿಗೆ ಬಂದ ಹುಡುಗ ಚೀಟಿಯನ್ನು ನಮ್ಮ ಮುಂದಿಟ್ಟು, “ದೊಡ್ಡಪ್ಪಾ, ಕನ್ನಡ ತೆಗೆದುಬಿಡ್ತೀನಿ. ಸುಮ್ನೆ ಒಂದು ರಾತ್ರಿ ಹಾಳಾಯ್ತು” ಎಂದ.

ತೀರ್ಪುಗಾರರನ್ನು ದೂರುವುದು ನಮ್ಮ ಉದ್ದೇಶವಲ್ಲ. ಐದು ನಿಮಿಷದಲ್ಲಿ ಯಾರಾದರೂ ಅಷ್ಟನ್ನೇ ಬರೆದಾರು. ಆದರೆ ಆ ಚೀಟಿಯಲ್ಲಿ ಒಂದು ಕೊರತೆಯನ್ನು ಕಂಡೆವು. ಆಟ ಹೇಗಿದೆ ಎಂಬುದು ಅದರಲ್ಲಿತ್ತು. ಆಡುವಾಗ ಅವರ ಕೈ ಏನು ಮಾಡಿತು, ಎಲ್ಲಿ ತಡೆಯಿತು ಎಂಬುದು ಇರಲಿಲ್ಲ. ಅಭಿಪ್ರಾಯವನ್ನು ಕೇಳಿ ಹುಡುಗ ಒಪ್ಪಬಹುದು, ಮುನಿಯಬಹುದು. ಅದನ್ನು ಹಿಡಿದು ತಿದ್ದಲಾರ.

ಈ ಭೇದವನ್ನು ನಾವು ಕಲಿತದ್ದು ಅಧ್ಯಾಪಕರ ತರಬೇತಿ ಸಂಸ್ಥೆಯಲ್ಲಿ. ತರಬೇತಿ ಪಡೆದ ವಾಚಕರಿಗೆ ‘ವಿಮರ್ಶಾ ಪಾಠ’ ನೆನಪಿರಬಹುದು. ಒಬ್ಬ ಶಿಕ್ಷಣಾರ್ಥಿ ಮಕ್ಕಳಿಗೆ ಪಾಠ ಮಾಡುವಾಗ ಉಳಿದವರೆಲ್ಲ ಹಿಂಬದಿಯ ಬೆಂಚುಗಳಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಕುಳಿತಿರುತ್ತಾರೆ. ಪಾಠ ಮುಗಿದೊಡನೆ ಒಬ್ಬೊಬ್ಬರಾಗಿ ಎದ್ದು ‘ಕಪ್ಪುಹಲಗೆಯ ಬಳಕೆ ಚೆನ್ನಾಗಿತ್ತು’, ‘ಧ್ವನಿ ಇನ್ನಷ್ಟು ಏರಬೇಕಿತ್ತು’ ಎಂದು ಹೇಳುವುದು ವಾಡಿಕೆ. ನಮಗೆ ಗಣಿತ ಬೋಧನೆಯನ್ನು ಕಲಿಸಿದ ಹಿರಿಯರೊಬ್ಬರು ಮಾತ್ರ ಹಿಂದೆ ಕೂರುತ್ತಿರಲಿಲ್ಲ. ಮುಂದಿನ ಮೂಲೆಯಲ್ಲಿ, ಹಲಗೆಗೆ ಬೆನ್ನು ಮಾಡಿ, ಮಕ್ಕಳ ಕಡೆಗೆ ಮುಖ ಮಾಡಿ ಕುಳಿತಿರುವರು. ಕೊನೆಯಲ್ಲಿ ಅವರು ಹೇಳುತ್ತಿದ್ದುದು, ‘ಮೂರನೆಯ ಬೆಂಚಿನ ಹುಡುಗಿ ೪೦೨ ಎಂದು ಬರೆಯಬೇಕಾದಲ್ಲಿ ೪೦೦೨ ಎಂದು ಬರೆದಳು, ನೀವು ಆಗ ಹಲಗೆಯ ಕಡೆ ತಿರುಗಿದ್ದಿರಿ’ ಎಂಬಂತಹ ಮಾತು. ಅದು ಮೆಚ್ಚುಗೆಯೂ ಅಲ್ಲ, ಟೀಕೆಯೂ ಅಲ್ಲ. ಆದರೂ ಮರುದಿನದ ಪಾಠ ಅದರಿಂದಲೇ ಬದಲಾಗುತ್ತಿತ್ತು.

ಅಣುಬೋಧನೆ ಎಂಬ ಪದ್ಧತಿಯೂ ಇದನ್ನೇ ಹೇಳುತ್ತದೆ. ೧೯೬೦ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಈ ಪದ್ಧತಿ ನಮ್ಮ ದೇಶದ ತರಬೇತಿ ಸಂಸ್ಥೆಗಳಲ್ಲಿ ೩೬ ನಿಮಿಷಗಳ ಒಂದು ಆವರ್ತನವಾಗಿ ನೆಲೆಗೊಂಡಿತು. ಪಾಠಕ್ಕೆ ೬ ನಿಮಿಷ, ಹಿಮ್ಮಾಹಿತಿಗೆ ೬, ಮರುಯೋಜನೆಗೆ ೧೨, ಮರುಪಾಠಕ್ಕೆ ೬, ಮತ್ತೆ ಹಿಮ್ಮಾಹಿತಿಗೆ ೬. ಎಲ್ಲಕ್ಕಿಂತ ಹೆಚ್ಚಿನ ಕಾಲವನ್ನು ಯೋಚಿಸಿ ತಿದ್ದಿಕೊಳ್ಳುವುದಕ್ಕೆ ಕೊಟ್ಟಿರುವುದನ್ನು ಗಮನಿಸಬೇಕು. ಆಟಕಮ್ಮಟದಲ್ಲಿ ಮೊದಲ ೬ ನಿಮಿಷ ೪೮ ಗಂಟೆಯಾಗಿದೆ. ಉಳಿದ ೩೦ ನಿಮಿಷಗಳ ಕೆಲಸ ಬಹಳ ಕಡೆ ನಡೆಯುವುದೇ ಇಲ್ಲ. ಈ ಕೊರತೆಯನ್ನು ಮೊದಲು ಗುರುತಿಸಿದವರೂ ಆಟಗಾರರೇ. ೨೦೦೨ರಲ್ಲಿ ಆರಂಭವಾದ ‘ಲೂಡಮ್ ಡೇರ್’ ಎಂಬ ಕೂಟವು ತೀರ್ಪುಗಾರರನ್ನು ಬದಿಗಿಟ್ಟು, ಭಾಗವಹಿಸಿದವರೇ ಕೆಲವು ವಾರಗಳ ಕಾಲ ಒಬ್ಬರ ಆಟವನ್ನೊಬ್ಬರು ಆಡಿ ಅಂಕವನ್ನೂ ಟಿಪ್ಪಣಿಯನ್ನೂ ಕೊಡುವ ಪದ್ಧತಿಯನ್ನು ರೂಢಿಸಿತು. ಇತರರ ಆಟಗಳನ್ನು ಹೆಚ್ಚಾಗಿ ಆಡಿದವನ ಆಟವು ಇತರರ ಕಣ್ಣಿಗೆ ಹೆಚ್ಚಾಗಿ ಬೀಳುವಂತೆಯೂ ಮಾಡಿತು. ನಮ್ಮ ಸೀಮೆಯ ಮುಯ್ಯಿಯಂತೆಯೇ ಇದು, ಕೊಟ್ಟವನಿಗೆ ಬರುತ್ತದೆ.

ಇರಲಿ. ನಾವು ಹುಡುಗನಿಗೆ ಹೇಳಿದ್ದು ಇಷ್ಟು: “ಈ ಭಾನುವಾರ ನಾಲ್ಕು ಜನರ ಕೈಯಲ್ಲಿ ಆಡಿಸೋಣ. ನೀನು ಹಿಂದೆ ಕೂತು ನೋಡಬೇಕು. ಬಾಯಿ ಬಿಡಕೂಡದು.” ಟಿಪ್ಪಣಿ ಪುಸ್ತಕದಲ್ಲಿ ಎರಡು ಕಂಬಸಾಲು ಹಾಕಿದೆವು. ಎಡಗಡೆ, ಆಡುವವರು ಮಾಡಿದ್ದು. ಬಲಗಡೆ, ಅವರು ಆಡಿದ ಮಾತು. ನಮ್ಮ ಅಭಿಪ್ರಾಯಕ್ಕೆ ಮೂರನೆಯ ಸಾಲನ್ನು ಹಾಕಲಿಲ್ಲ.

ಜಗಲಿಯ ಮೇಲೆ ಮೊದಲು ಕುಳಿತವಳು ನೆರೆಮನೆಯ ಐದನೆಯ ತರಗತಿಯ ಹುಡುಗಿ. ತಮಿಳು ಮನೆಮಾತಿನವಳು. ತೆರೆಯ ನಡುವೆ ‘ಆಡು’ ಎಂದು ಬರೆದ ಗುಂಡಿಯ ಪಕ್ಕದಲ್ಲಿ ಆಡಿನ ಚಿತ್ರವಿತ್ತು. ಆಟ ಆರಂಭಿಸಲು ಒತ್ತಬೇಕಾದ ಗುಂಡಿಯದು. ಅವಳು ಗುಂಡಿಯನ್ನು ಬಿಟ್ಟು ಚಿತ್ರವನ್ನೇ ಒತ್ತುತ್ತ ಕುಳಿತಳು. ಆಡೆಂದರೆ ಪ್ರಾಣಿಯೂ ಹೌದು, ಆಡುವ ಕ್ರಿಯೆಯೂ ಹೌದು. ಕನ್ನಡದಲ್ಲಿಯೂ ಹೌದು, ತಮಿಳಿನಲ್ಲಿಯೂ ಹೌದು. ನಮ್ಮವನು ಈ ಶ್ಲೇಷೆಗೆ ತಾನೇ ಮೆಚ್ಚಿಕೊಂಡು ಅಲ್ಲಿ ಇಟ್ಟಿದ್ದ. ಹಿಂದಿನಿಂದ, “ಅದಲ್ಲ, ಅದರ ಪಕ್ಕದ್ದು…” ಎಂದು ಆರಂಭಿಸಿದ. ಅವನನ್ನು ಮಜ್ಜಿಗೆ ತರಲು ಒಳಗೆ ಕಳುಹಿಸಿದೆವು. ಅಂದು ಒಟ್ಟು ಮೂರು ಸಲ ಮಜ್ಜಿಗೆ ತರಿಸಬೇಕಾಯಿತು.

ಆಟ ಆರಂಭವಾದ ಮೇಲೆ ಆ ಹುಡುಗಿ ಮೊದಲ ಆಡನ್ನು ಹುಲಿಯ ಪಕ್ಕದಲ್ಲಿಯೇ ಇಳಿಸಿದಳು. ಹುಲಿ ‘ಗುಳುಂ’ ಎಂದು ನುಂಗಿತು. ಅವಳು ಕಿಲಕಿಲನೆ ನಕ್ಕಳು. ಎರಡನೆಯದನ್ನೂ ಅಲ್ಲಿಯೇ ಇಳಿಸಿದಳು. ಮೂರನೆಯದನ್ನೂ! ಪಾಲಕ್ಕಾಡಿನ ಹುಡುಗಿ ಮಾಡಿದ ಆ ಗುಳುಂ ಎಂಬ ಸದ್ದು ಇಡೀ ಆಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ವಸ್ತು. ಆಡನ್ನು ಜಾಣತನದಿಂದ ಇಳಿಸಿದರೆ ಯಾವ ಸದ್ದೂ ಇಲ್ಲ. ಸೋತರೆ ಬಹುಮಾನ, ಗೆದ್ದರೆ ಮೌನ ಎಂಬಂತಾಗಿತ್ತು. ನಾವು ಎಡಸಾಲಿನಲ್ಲಿ ‘೬ ಆಡು ಬೇಕೆಂದೇ ತಿನ್ನಿಸಿದಳು’ ಎಂದು ಬರೆದೆವು. ಬಲಸಾಲಿನಲ್ಲಿ ‘ಇನ್ನೊಂದ್ಸಲ’ ಎಂದು ಬರೆದೆವು. ಹುಡುಗ ಪುಸ್ತಕವನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದ.

ಎರಡನೆಯವನು ಅವಳ ಅಣ್ಣ. ನಾಲ್ಕು ಆಡುಗಳನ್ನು ಇಳಿಸಿದ ಮೇಲೆ ಹುಲಿ ಹತ್ತಿರ ಬಂದುದನ್ನು ಕಂಡು ಒಂದು ಆಡನ್ನು ಸರಿಸಲು ನೋಡಿದ. ನಿಯಮದಂತೆ ಅದು ಕದಲಲಿಲ್ಲ. ಬೆರಳಿನಿಂದ ಇನ್ನಷ್ಟು ಒತ್ತಿದ. ಮೊಬೈಲನ್ನು ತೊಡೆಗೆ ಒರೆಸಿ ಮತ್ತೆ ಒತ್ತಿದ. “ಫೋನ್ ಕೆಟ್ಟೋಯ್ತು ಸಾರ್” ಎಂದು ನಮ್ಮ ಕೈಗಿತ್ತು ಎದ್ದುಹೋದ. ನಿಯಮವನ್ನು ತಿಳಿಸುವ ವಾಕ್ಯವೇನೋ ಆರಂಭದ ಪುಟದಲ್ಲಿ ಇತ್ತು.

ಮೂರನೆಯವಳು ನಮ್ಮ ಮನೆಯ ಹುಡುಗಿಯೇ, ಏಳು ವರ್ಷದವಳು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತಿಲ್ಲ. ಅವಳು ಸೂಚನೆಗಳ ಪುಟದ ಮೇಲೆ, ರಂಗೋಲಿಯ ಮೇಲೆ ಬೆರಳಾಡಿಸುವಂತೆ ಬೆರಳಾಡಿಸಿ, “ಈ ಚಿತ್ರ ಯಾಕೆ?” ಎಂದು ಕೇಳಿದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ೧೯೫೬ರ ನವೆಂಬರಿನ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಆಗ ಅದು ಮೈಸೂರು ರಾಜ್ಯಕ್ಕೆ ಸೇರಿತು. ೧೯೭೯ರಲ್ಲಿ ಅಂದಿನ ಪೆರಿಯಾರ್ ಜಿಲ್ಲೆ, ಎಂದರೆ ಇಂದಿನ ಈರೋಡು, ಬೇರೆಯಾದಾಗ ಕನ್ನಡ ಶಾಲೆಗಳಿರುವ ತಾಳವಾಡಿಯ ಸೀಮೆ ಅತ್ತ ಹೋಯಿತು. ೨೦೦೯ರಲ್ಲಿ ತಿರುಪ್ಪೂರು ಜಿಲ್ಲೆಯಾಗಿ ನಮ್ಮ ಉಡುಮಲೈಪೇಟೆ ಅದಕ್ಕೆ ಸೇರಿತು. ಗೆರೆಗಳು ಹೀಗೆ ಹೀಗೆ ಸರಿದವು. ಮನೆಗಳು ಇದ್ದಲ್ಲಿಯೇ ಇದ್ದವು. ಸಿರುಮುಗೈಯ ಮಗ್ಗದ ಮನೆಗಳಲ್ಲಿ ದೇವಾಂಗದವರೂ, ಪೊಳ್ಳಾಚಿ-ಉಡುಮಲೈಯ ಹೊಲಗಳಲ್ಲಿ ಒಕ್ಕಲಿಗರೂ ಇಂದಿಗೂ ಕನ್ನಡವನ್ನಾಡುತ್ತಾರೆ. ಮಕ್ಕಳು ಓದುವುದು ತಮಿಳು, ಇಂಗ್ಲಿಷ್. ಅದರಲ್ಲಿ ದೂರುವಂತಹುದೇನೂ ಇಲ್ಲ. ಅನ್ನ ಕೊಡುವ ನೆಲದ ಭಾಷೆಯನ್ನು ನಾವೇ ಮಕ್ಕಳಿಗೆ ಕಲಿಸುತ್ತಿದ್ದೇವೆ. ಆದರೆ ಫಲಿತಾಂಶವೇನೆಂದರೆ, ನಮ್ಮ ಕನ್ನಡ ಕಿವಿಯಲ್ಲಿದೆ, ಬಾಯಲ್ಲಿದೆ, ಕಣ್ಣಿನಲ್ಲಿಲ್ಲ. ಈ ಮಾಸಪತ್ರಿಕೆಯನ್ನೇ ಎಷ್ಟೋ ಮನೆಗಳಲ್ಲಿ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ.

ಒಂದು ರಾತ್ರಿಯ ನಿದ್ದೆಗೆಟ್ಟು ಹುಡುಗ ಅಂಟಿಸಿದ್ದ ಕನ್ನಡ ಅಕ್ಷರಗಳನ್ನು ಯಾರಿಗಾಗಿ ಅಂಟಿಸಿದನೋ ಅವರೇ ಓದಲಾರದವರು. ತೀರ್ಪುಗಾರರ ಮೂರನೆಯ ವಾಕ್ಯ ಇದನ್ನು ಮುಟ್ಟಲಿಲ್ಲ. ಇಂಗ್ಲಿಷಿಗೆ ಬದಲಿಸಿದ್ದರೆ ಏಳು ವರ್ಷದ ಆ ಮಗುವಿಗೆ ಆಗಬೇಕಾದುದೇನೂ ಇರಲಿಲ್ಲ.

ನಾಲ್ಕನೆಯವರು ನಮ್ಮ ಅವ್ವ. ಎಂಬತ್ತು ದಾಟಿದ್ದಾರೆ, ಯಾವ ಲಿಪಿಯನ್ನೂ ಓದಲಾರರು. ಮೊಬೈಲನ್ನು ಒಂದು ಮಾರು ದೂರ ಹಿಡಿದು ಮಣೆಯನ್ನು ಗುರುತಿಸಿದರು. “ಹುಲಿ ಆಡೋರು ಯಾರು?” ಎಂದು ಕೇಳಿದರು. ಯಂತ್ರವೇ ಆಡುವುದೆಂದೆವು. ಮೊದಲ ಆಟದಲ್ಲಿ ಬೆರಳು ಪಕ್ಕದ ಮನೆಗಳ ಮೇಲೆ ಬೀಳುತ್ತಿದ್ದುದರಿಂದ ಸೋತರು. ಎರಡನೆಯ ಆಟದ ನಡುವೆ ಕೈ ನಿಲ್ಲಿಸಿ, “ಇದು ಕಳ್ಳಾಟ. ಹುಲಿ ಗೆರೆ ಬಿಟ್ಟು ಹಾರ್ತದೆ” ಎಂದರು. ನಮ್ಮವನು ಎದ್ದು ಬಂದು ನೋಡಿದ. ನಿಜವೇ. ತ್ರಿಕೋನದ ಓರೆಗೆರೆಯೂ ಅಡ್ಡಗೆರೆಯೂ ಕೂಡುವ ಒಂದು ಸಂಧಿಯಲ್ಲಿ ಹುಲಿ ನೇರವಾಗಿ ಹಾರದೆ ಮೂಲೆ ತಿರುಗಿ ಆಡನ್ನು ತಿನ್ನುತ್ತಿತ್ತು. ಮೂವರು ಎರಡು ದಿನ ಕಾಣದಿದ್ದುದು, ತೀರ್ಪುಗಾರರೂ ಕಾಣದಿದ್ದುದು, ಅವ್ವನ ಕಣ್ಣಿಗೆ ಹತ್ತು ನಿಮಿಷದಲ್ಲಿ ಬಿತ್ತು.

ಆಮೇಲೆ ಅವರು ಮೊಬೈಲನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು. “ಇದು ಮಾತೇ ಆಡಲ್ಲ. ಮಾತಿಲ್ದೆ ಹುಲಿ ಆಟ ಹೆಂಗೆ?” ಎದುರಿಗೆ ಕುಳಿತವರು ಒಬ್ಬರನ್ನೊಬ್ಬರು ಕೆಣಕದೆ, ಹೆದರಿಸದೆ, ಬೇಕೆಂದೇ ದಾರಿ ತಪ್ಪಿಸುವ ಮಾತಾಡದೆ ಈ ಆಟ ಹಿಂದೆಂದೂ ನಡೆದುದಿಲ್ಲ. ಗೆರೆ, ಕಲ್ಲು, ನಿಯಮ ಇವೆಲ್ಲ ಆಟದ ಅರ್ಧ, ಬಾಯಿ ಇನ್ನರ್ಧ. ಹುಡುಗರು ತಂದದ್ದು ಮೊದಲ ಅರ್ಧವನ್ನು.

ಅವನು ಮರುಯೋಜನೆಗೆ ಎರಡು ವಾರಾಂತ್ಯಗಳನ್ನು ತೆಗೆದುಕೊಂಡ. ಮೊದಲು ಮೂಲೆ ತಿರುಗುವ ಹುಲಿಯನ್ನು ಗೆರೆಗೆ ತಂದ. ಗುಳುಂ ಎಂಬ ಸದ್ದನ್ನು ತಗ್ಗಿಸಿ, ಆಡು ಇಳಿದಾಗ ಒಂದು ‘ಮ್ಯಾ’ ಎಂಬ ಕೂಗನ್ನೂ, ಒಂದು ಆಡಿನ ಬೆನ್ನಿಗೆ ಇನ್ನೊಂದು ನಿಂತಾಗ ಕೊರಳಗಂಟೆಯ ಸದ್ದನ್ನೂ ಇಡಿಸಿದ. ಆರಂಭದ ಗುಂಡಿಯ ಪಕ್ಕದಿಂದ ಆಡಿನ ಚಿತ್ರವನ್ನು ತೆಗೆದ. ಕದಲದ ಆಡಿನ ತೊಡಕಿಗೆ ಅವನು ಕಂಡುಕೊಂಡ ಉಪಾಯ ನಮಗೆ ಬಹಳ ಮೆಚ್ಚುಗೆಯಾಯಿತು. ಈಗ ಇಳಿದ ಪ್ರತಿಯೊಂದು ಆಡೂ ಗೂಟಕ್ಕೆ ಕಟ್ಟಿರುತ್ತದೆ. ಹದಿನೈದನೆಯದು ಇಳಿದೊಡನೆ ಗೂಟಗಳೆಲ್ಲ ಕಿತ್ತುಬರುತ್ತವೆ. ಒಂದು ವಾಕ್ಯವೂ ಬೇಕಾಗಿಲ್ಲ. ಅದನ್ನು ನಾವು ಹೇಳಿಕೊಟ್ಟುದಲ್ಲ. ‘ಹುಡುಗ ಫೋನನ್ನು ತೊಡೆಗೆ ಒರೆಸಿದ’ ಎಂಬ ಟಿಪ್ಪಣಿಯನ್ನು ಓದಿ ಅವನಿಗೇ ಹೊಳೆದದ್ದು.

ಮಾತನ್ನು ಕೂಡಿಸುವುದು ಅಷ್ಟು ಸುಲಭವಾಗಲಿಲ್ಲ. ಅವ್ವನ ಮುಂದೆ ಮೊಬೈಲು ಹಿಡಿದು “ಅಜ್ಜಿ, ‘ಹುಲಿ ಬಂತು’ ಅನ್ನು” ಎಂದರೆ, ಅವರು ಸರಕಾರಿ ಕಚೇರಿಯಲ್ಲಿ ಹೆಸರು ಹೇಳುವವರಂತೆ ಗಂಭೀರವಾಗಿ ‘ಹುಲಿ ಬಂತು’ ಎಂದುಬಿಟ್ಟರು. ಅದರಲ್ಲಿ ಹುಲಿಯೇ ಇರಲಿಲ್ಲ. ಕೊನೆಗೆ ಸೀಮೆಸುಣ್ಣದಿಂದ ಜಗಲಿಯ ಮೇಲೆ ಮಣೆ ಬರೆದು, ಹುಣಿಸೆಬೀಜವನ್ನು ಆಡಾಗಿಯೂ ಬೆಣಚುಕಲ್ಲನ್ನು ಹುಲಿಯಾಗಿಯೂ ಇಟ್ಟು, ಮೊಮ್ಮಗಳ ಎದುರಿಗೆ ಅವರನ್ನು ಕೂರಿಸಿ, ಮೊಬೈಲನ್ನು ಎಲೆಯಡಿಕೆಯ ತಟ್ಟೆಯ ಹಿಂದೆ ಇಟ್ಟರು. ಆಗ ಬಂದವು ನೋಡಿ ಮಾತುಗಳು! “ಕಟ್ಟು ಮಗಾ, ಇನ್ನೊಂದು ಕಟ್ಟು”, “ಎಲ್ಲಿಗೋಯ್ತೀಯ ಹುಲಿರ‍್ಯಾಯ, ದಾರಿ ಇಲ್ಲ”, “ಅಯ್ಯೋ, ಬೆನ್ನು ಬಿಟ್ಟ್ಯಲ್ಲೇ ಕತ್ತೆ”. ಮುಕ್ಕಾಲು ಗಂಟೆಯ ಧ್ವನಿಮುದ್ರಣದಲ್ಲಿ ಹುಡುಗ ೨೨ ತುಣುಕುಗಳನ್ನು ಆರಿಸಿದ.

ಆಡುಗಳನ್ನು ಕೂಡುವ ಜಾಗಕ್ಕೆ ಅವ್ವ ದೊಡ್ಡಿ ಎನ್ನಲಿಲ್ಲ. ಕೊಂಗುನಾಡಿನ ಎಲ್ಲರಂತೆ ‘ಪಟ್ಟಿ’ ಎಂದರು. ಇದನ್ನು ತಿದ್ದಬೇಕೇ ಎಂದು ಹುಡುಗ ಕೇಳಿದ. ಮೈಸೂರಿನ ಕಡೆಯ ನಮ್ಮ ಸ್ನೇಹಿತರು ಇದನ್ನು ಕೇಳಿದರೆ ಕನ್ನಡ ಕೆಟ್ಟಿದೆ ಎಂದಾರು. ನಮ್ಮ ಮನಸ್ಸು ಅದನ್ನು ಒಪ್ಪುವುದಿಲ್ಲ. ಆಡು ಮೇಯಿಸಿದವರ ಬಾಯಲ್ಲಿ ಇರುವ ಪದವನ್ನು, ಮೇಯಿಸದವರ ಪುಸ್ತಕದ ಪದಕ್ಕಾಗಿ ಅಳಿಸುವುದು ಉಚಿತವಲ್ಲ. ಪಟ್ಟಿ ಹಾಗೆಯೇ ಉಳಿಯಿತು.

ಅಕ್ಷರಗಳನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ತಮಿಳು ಲಿಪಿಯಲ್ಲಿ ಕನ್ನಡವನ್ನು ಬರೆಯಬಹುದೆಂದು ಚಿತ್ರ ಬರೆದ ಹುಡುಗ ಸಲಹೆ ಮಾಡಿದ. ನಮ್ಮ ಎಷ್ಟೋ ಮನೆಗಳ ಮದುವೆಯ ಲೆಕ್ಕ, ಹಾಡಿನ ಪುಸ್ತಕಗಳಲ್ಲಿ ಅದು ನಡೆದೂ ಇದೆ. ತೀರ್ಮಾನವನ್ನು ನಾವು ಅವರಿಗೇ ಬಿಟ್ಟೆವು. ಒಂದು ಲೆಕ್ಕವನ್ನು ಮಾತ್ರ ಮುಂದಿಟ್ಟೆವು. ವಾಕ್ಯಗಳನ್ನು ತೆಗೆದುಹಾಕಿ, ಅವ್ವನ ಧ್ವನಿ ‘ಆಡು’ ಎನ್ನುವಾಗ ಆ ಒಂದು ಪದ ತೆರೆಯ ಮೇಲೆ ದೊಡ್ಡದಾಗಿ ಮೂಡಿದರೆ, ಒಂದು ಆಟದಲ್ಲಿ ಮಗು ಅದನ್ನು ೧೫ ಸಲ ನೋಡುತ್ತದೆ. ನಾಲ್ಕು ಆಟಕ್ಕೆ ೬೦ ಸಲ. ಯಾವ ಒಂದನೆಯ ತರಗತಿಯ ಪಾಠವೂ ಒಂದು ಪದವನ್ನು ಒಂದು ದಿನದಲ್ಲಿ ಮಗುವಿಗೆ ಅಷ್ಟು ಸಲ ತೋರಿಸುವುದಿಲ್ಲ. ಹುಡುಗರು ‘ಆಡು’, ‘ಹುಲಿ’, ‘ಗೂಟ’, ‘ಪಟ್ಟಿ’ ಎಂಬ ನಾಲ್ಕು ಪದಗಳನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಂಡರು. ಉಳಿದ ವಾಕ್ಯಗಳೆಲ್ಲ ಹೋದವು. ಶನಿವಾರದ ರಾತ್ರಿಯ ಕೆಲಸದಲ್ಲಿ ಹೆಚ್ಚಿನ ಪಾಲು ಹೋಯಿತೆಂದೇ ಹೇಳಬೇಕು. ಅವನಿಗೆ ಅದರ ಬಗ್ಗೆ ಈಗ ದುಃಖವಿದ್ದಂತೆ ಕಾಣಲಿಲ್ಲ.

ಎರಡನೆಯ ಆವೃತ್ತಿಯನ್ನು ಅದೇ ನಾಲ್ವರ ಕೈಗೆ ಕೊಟ್ಟೆವು. ನೆರೆಮನೆಯ ಹುಡುಗಿ ಈ ಬಾರಿ ಎರಡು ಆಡುಗಳನ್ನು ಮಾತ್ರ ಬೇಕೆಂದು ತಿನ್ನಿಸಿ, ಆಮೇಲೆ ಕೊರಳಗಂಟೆಯ ಸದ್ದಿಗಾಗಿ ಬೆನ್ನು ಕೂಡಿಸತೊಡಗಿದಳು. ಅವಳ ಅಣ್ಣ ಗೂಟ ಕಿತ್ತ ಕ್ಷಣದಲ್ಲಿ ಕೇಕೆ ಹಾಕಿದ. ತಮಿಳು ಮನೆಯ ಆ ಇಬ್ಬರೂ ಅವ್ವನ ಮಾತನ್ನು ಅರ್ಥ ಮಾಡಿಕೊಂಡರೋ ಇಲ್ಲವೋ, “ದಾರಿ ಇಲ್ಲ, ದಾರಿ ಇಲ್ಲ” ಎಂದು ಬೀದಿಯಲ್ಲಿ ಕೂಗುತ್ತ ಹೋದರು.

ನಮ್ಮ ಮನೆಯ ಹುಡುಗಿಯಿಂದ ಹೊಸ ತೊಡಕು ಹುಟ್ಟಿದೆ. ಅಜ್ಜಿಯ ಧ್ವನಿ ಮುಗಿಯುವ ತನಕ ಅವಳು ಮುಂದಿನ ಆಡನ್ನು ಇಳಿಸುವುದಿಲ್ಲ. ಹಿರಿಯರು ಮಾತಾಡುವಾಗ ಕೈ ಆಡಿಸಬಾರದೆಂದು ಮನೆಯಲ್ಲಿ ಕಲಿಸಿರುವುದು ಮೊಬೈಲಿಗೂ ಅನ್ವಯವಾಗಿಬಿಟ್ಟಿದೆ. ಹೀಗಾಗಿ ಹತ್ತು ನಿಮಿಷದ ಆಟ ಅರ್ಧ ಗಂಟೆ ಹಿಡಿಯುತ್ತದೆ. ತುಣುಕುಗಳನ್ನು ಕತ್ತರಿಸಬೇಕೆಂದು ಸದ್ದಿನ ಹುಡುಗಿ ಹೇಳುತ್ತಾಳೆ. ಅಜ್ಜಿಯ ಮಾತನ್ನು ಕತ್ತರಿಸಲು ಕೈ ಬರುವುದಿಲ್ಲವೆಂದು ನಮ್ಮವನು ಹೇಳುತ್ತಾನೆ. ಯಂತ್ರದ ಹುಲಿ ಈಗಲೂ ಬಲು ಜಾಣ. ಹತ್ತು ಆಟಗಳಲ್ಲಿ ಆಡುಗಳು ಗೆದ್ದದ್ದು ಎರಡು, ಆ ಎರಡೂ ಅವ್ವ ಆಡಿದವು. ಹುಲಿಯನ್ನು ದಡ್ಡನನ್ನಾಗಿ ಮಾಡೋಣವೇ ಎಂದು ಹುಡುಗ ಅವರನ್ನೇ ಕೇಳಿದ್ದಕ್ಕೆ, “ಹುಲಿ ಹುಲಿಯಾಗೇ ಇರ್ಲಿ. ಹೆಂಗೆ ಕಟ್ಟೋದು ಅಂತ ನಾನು ಹೇಳ್ತೀನಿ, ಅದನ್ನ ಹಿಡ್ಕೋ” ಎಂದು ಮತ್ತೆ ಸೀಮೆಸುಣ್ಣ ಕೇಳಿದ್ದಾರೆ. ಆಗಲೇ ೨೨ ತುಣುಕು ಹೆಚ್ಚಾಯಿತೆನ್ನುವಾಗ ಇನ್ನಷ್ಟು ಬರುವಂತಿದೆ.

ಮೂರನೆಯ ಆವೃತ್ತಿಯನ್ನು ಸಿರುಮುಗೈ, ನೆಗಮಂ ಕಡೆಯ ನಮ್ಮ ಬಂಧುಗಳ ಮನೆಗಳಿಗೆ ಕಳುಹಿಸಬೇಕೆಂದು ಹುಡುಗರು ಎಣಿಸಿದ್ದಾರೆ. ಯಾರ ಮನೆಗಾದರೂ ಅದು ಬಂದರೆ ಆಟ ಹೇಗಿದೆಯೆಂದು ಬರೆಯಬೇಕಾಗಿಲ್ಲ. ಆಡಿದ ಮಗುವಿನ ವಯಸ್ಸು, ಅದು ಎಲ್ಲಿ ಕೈ ನಿಲ್ಲಿಸಿತು, ಆಗ ಏನೆಂದಿತು ಎಂಬಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಸಾಕು. ತಮಿಳಿನಲ್ಲಿ ಬರೆದರೂ ಆದೀತು.